ಚಪ್ಪಾಳೆ ಕೇಳಿದ ಮಹಾರಾಜ

ಲಕ್ಕೂರಿನ ಕಾಂತರಾಜನಿಗೆ ಊರ ನಾಟಕದಲ್ಲಿ ರಾಜನ ಪಾತ್ರ ಬಿಟ್ಟು ಬೇರೆ ಪಾತ್ರ ಕೊಡಬೇಕೆಂದು ಯಾರಿಗೂ ಅನ್ನಿಸಿದ್ದಿಲ್ಲ. ಎತ್ತರದ ಆಳು, ಅಗಲವಾದ ಎದೆ, ಮೈಕಿಲ್ಲದಿದ್ದರೂ ಕೊನೆಯ ಸಾಲಿಗೆ ಮುಟ್ಟುವ ಗಂಟಲು. ಅವನ ಅಪ್ಪ ಅಶ್ವತ್ಥಪ್ಪನೂ ರಾಜನ ಪಾತ್ರ ಮಾಡಿದವನೇ. ಹಗಲೆಲ್ಲ ರೇಷ್ಮೆಹುಳಕ್ಕೆ ಸೊಪ್ಪು ಹಾಕಿ, ಸಂಜೆ ಹಾರ್ಮೋನಿಯಂ ಮೇಷ್ಟ್ರ ಪಕ್ಕ ಕೂತು ಮಗನಿಗೆ ಕಂದಪದ್ಯ ಹೇಳಿಕೊಟ್ಟಿದ್ದ. ಕಾಂತರಾಜ್ ಬೆಳೆದು ನರಸಾಪುರದ ಕಾರ್ಖಾನೆಯೊಂದರಲ್ಲಿ ಬಸ್ಸುಗಳ ಉಸ್ತುವಾರಿಗೆ ಸೇರಿದ. ಯಾವ ಶಿಫ್ಟಿಗೆ ಯಾವ ಬಸ್ಸು, ಯಾವ ಊರಿಗೆ ಯಾವ ಡ್ರೈವರ್ ಎಂದು ನೋಡಿಕೊಳ್ಳುವ ಕೆಲಸ. ಅಲ್ಲೂ ಅವನು ಗೇಟಿನಲ್ಲಿ ನಿಂತು ಒಮ್ಮೆ ಕೂಗಿದರೆ ಡ್ರೈವರುಗಳು ಬೀಡಿ ಎಸೆದು ಓಡಿಬರುತ್ತಿದ್ದರು.

ಅಂಥವನ ಹೊಟ್ಟೆಗೆ ಕಿಚ್ಚು ಬಿದ್ದದ್ದು ಬಾಮೈದ ಕದಿರೇಶನಿಂದ.

ಲಕ್ಕೂರಿನವರು ಆಡುತ್ತಿದ್ದುದು ಹಿರಿಯರ ಬಾಯಲ್ಲಿದ್ದ ಒಂದು ಕಥೆಯನ್ನು. ಮಂತ್ರಿಯ ಜಾಣತನ ಕಂಡು ಕರುಬುವ ರಾಜ ಅವನಿಗೆ ಒಂದು ಸವಾಲು ಹಾಕುತ್ತಾನೆ: ಕೊಡ, ಬಿಂದಿಗೆ, ಬೊಗಸೆ ಯಾವುದೂ ಇಲ್ಲದೆ ಕೆರೆಯ ನೀರನ್ನು ಆಸ್ಥಾನಕ್ಕೆ ತರಬೇಕು. ತರದಿದ್ದರೆ ಗಡೀಪಾರು. ಮಂತ್ರಿ ಕೆರೆಯ ಅಂಗಳದಲ್ಲಿ ಅದೇ ನೀರು ಕುಡಿದು ಬೆಳೆದ ಕಲ್ಲಂಗಡಿ ಹಣ್ಣು ತಂದು ರಾಜನ ಮುಂದೆ ಒಡೆಯುತ್ತಾನೆ. ಮಂತ್ರಿಯ ಪಾತ್ರ ಮಾಡುತ್ತಿದ್ದ ದೊಡ್ಡವೆಂಕಟಪ್ಪನಿಗೆ ಮಂಡಿನೋವು ಹೆಚ್ಚಾದಾಗ, ತನ್ನ ಹೆಂಡತಿ ಗಂಗಾಳ ತಮ್ಮನನ್ನು ಕರೆಸಿದವನು ಕಾಂತರಾಜನೇ. ಕದಿರೇಶ ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಹರಾಜು ಕೂಗುವವನು. ಸಣ್ಣ ಮೈಕಟ್ಟು, ಕೀರಲು ದನಿ. ಇವನು ನನ್ನ ಪಕ್ಕ ನಿಂತರೆ ನಾನು ಇನ್ನೂ ಎದ್ದು ಕಾಣುತ್ತೇನೆ ಎಂದು ಕಾಂತರಾಜ್ ಲೆಕ್ಕ ಹಾಕಿದ್ದ.

ಲೆಕ್ಕ ತಪ್ಪಿತು. ಮೊದಲ ಪ್ರದರ್ಶನದಲ್ಲೇ ರಾಜ ಸವಾಲು ಹಾಕಿದ ಕೂಡಲೇ ಕದಿರೇಶ ಜನರ ಕಡೆ ತಿರುಗಿ, "ಏಮ್ ಚೇದ್ದಾಂ ಸಾಮಿ?" ಅಂದ. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ ಆಡುವ ಜನ, ಏನು ಮಾಡೋಣ ಎಂದು ತಮ್ಮನ್ನೇ ಕೇಳಿದನೆಂದು ಬಿದ್ದು ಬಿದ್ದು ನಕ್ಕರು. ಮುಳಬಾಗಿಲಿನಲ್ಲಿ ಆಟ ಮುಗಿದ ಮೇಲೆ ಫೋನು ಹಿಡಿದು ಬಂದ ಹುಡುಗಿಯರು, ಕಿರೀಟ ಸರಿಮಾಡಿಕೊಂಡು ನಿಂತಿದ್ದ ಕಾಂತರಾಜನಿಗೆ, "ಅಂಕಲ್, ಸ್ವಲ್ಪ ಸರೀರಿ, ಮಂತ್ರಿ ಕಾಣ್ತಿಲ್ಲ" ಅಂದರು. ಅವನು ಸರಿದ.

ಮನೆಯಲ್ಲಿ ಗಂಗಾ ತಮ್ಮನ ಮಾತುಗಳನ್ನೇ ಹೇಳಿಕೊಂಡು ನಗುತ್ತಿದ್ದಳು. "ರಾಜ ಸವಾಲ್ ಹಾಕ್ದೆ ಇದ್ರೆ ಮಂತ್ರಿಗೆ ಏನ್ ಕೆಲ್ಸ ಇರ್ತಿತ್ತು?" ಎಂದು ಕಾಂತರಾಜ್ ಮುದ್ದೆ ಮುರಿಯುತ್ತಾ ಕೇಳಿದ. ಅವಳು, "ಅದೂ ಸರಿ ಅನ್ನಿ" ಎಂದು ಮತ್ತೆ ನಕ್ಕಳು.

ಕುರುಡುಮಲೆಯ ಆಟಕ್ಕೆ ಹಣ್ಣು ತರುವ ಜವಾಬ್ದಾರಿಯನ್ನು ಅವನೇ ವಹಿಸಿಕೊಂಡ. ಸಂತೆಯಲ್ಲಿ ತಟ್ಟಿ ತಟ್ಟಿ ನೋಡಿ ಹಸಿಗಾಯಿ ಆರಿಸಿದ. ವೇದಿಕೆಯಲ್ಲಿ ಕದಿರೇಶ ಒಡೆದಾಗ ಒಳಗೆಲ್ಲ ಬಿಳಿ. ಕಾಂತರಾಜನ ಎದೆ ಹಗುರವಾಯಿತು. ಕದಿರೇಶ ಕಾಯಿಯನ್ನು ತಿರುಗಿಸಿ ನೋಡಿ, "ಮಹಾಪ್ರಭು, ನಿಮ್ಮ ಕೆರೆ ಬತ್ತೋಗಿದೆ. ಇದು ಬರೀ ಹೂಳು. ಮೊದ್ಲು ಹೂಳೆತ್ಸಿ, ಆಮೇಲೆ ನೀರು ಕೇಳಿ" ಅಂದ. ಜನ ಎದ್ದು ನಿಂತು ಶಿಳ್ಳೆ ಹೊಡೆದರು. ಆ ರಾತ್ರಿ ಕಾಂತರಾಜನಿಗೆ ನಿದ್ದೆ ಬರಲಿಲ್ಲ.

ಆ ವರ್ಷ ಕಾರ್ಖಾನೆಯ ರಾಜ್ಯೋತ್ಸವಕ್ಕೆ ಇದೇ ನಾಟಕ ನಿಗದಿಯಾಯಿತು. ಮಧ್ಯಾಹ್ನದ ಹೊತ್ತು, ಕ್ಯಾಂಟೀನಿನ ಮುಂದೆ ಶಾಮಿಯಾನ, ಮುಂದಿನ ಸಾಲಲ್ಲಿ ಮ್ಯಾನೇಜರುಗಳು, ಹಿಂದೆ ಅವನ ಡ್ರೈವರುಗಳು. ಇದು ನನ್ನ ಜಾಗ, ಇಲ್ಲಾದರೂ ನಾನೇ ಗೆಲ್ಲಬೇಕು ಎಂದು ಕಾಂತರಾಜ್ ಹಲ್ಲು ಕಚ್ಚಿ ವೇದಿಕೆ ಹತ್ತಿದ. ಆದರೆ ಕದಿರೇಶ ಹಣ್ಣು ಒಡೆದಾಗ ಅವನ ಡ್ರೈವರುಗಳೇ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು. ರಾಜ ಸಿಂಹಾಸನದಿಂದ ಎದ್ದ. ಇಲ್ಲಿ ಅವನು ಸೋಲೊಪ್ಪಿ ಹಾರ ಹಾಕಬೇಕಿತ್ತು.

"ಮಂತ್ರಿ, ಇನ್ನೊಂದು ಸವಾಲಿದೆ" ಅಂದ.

ಹಾರ್ಮೋನಿಯಂ ನಿಂತಿತು. ಕದಿರೇಶ ತಲೆ ಎತ್ತಿ ನೋಡಿದ.

"ಈ ಸಭೆಯ ಚಪ್ಪಾಳೆಯೆಲ್ಲ ನನಗೇ ಸಲ್ಲಬೇಕು. ನಿನಗೆ ಒಂದೂ ಸಲ್ಲಕೂಡದು. ಹಾಗೆ ಮಾಡು. ಇಲ್ಲವಾದರೆ ಇವತ್ತಿಗೆ ಈ ಆಸ್ಥಾನದ ಋಣ ನಿನಗೆ ತೀರಿತು."

ಮಾತು ಹೊರಬಿದ್ದ ಮೇಲೆ ಕಾಂತರಾಜನಿಗೇ ಅದು ನಾಟಕದ ಮಾತಲ್ಲವೆಂದು ಗೊತ್ತಾಯಿತು. ಕದಿರೇಶನಿಗೂ ಗೊತ್ತಾಯಿತು. ಅವನು ಬಗ್ಗಿ ನಮಸ್ಕರಿಸಿ, ಸಿಂಹಾಸನದ ಪಕ್ಕ ನಿಂತಿದ್ದ ದ್ವಾರಪಾಲಕನ ಕೈ ಹಿಡಿದುಕೊಂಡು ವೇದಿಕೆಯ ಮೆಟ್ಟಿಲಿಳಿದು, ಅವನನ್ನೂ ಕೂರಿಸಿ, ತಾನೂ ಜನರ ನಡುವೆ ಒಂದು ಕುರ್ಚಿಯಲ್ಲಿ ಕೂತ.

"ಮಹಾಪ್ರಭು, ಈಗ ಮೇಲೆ ನೀವೊಬ್ರೇ ಇದ್ದೀರಿ. ಯಾರು ತಟ್ಟಿದ್ರೂ ನಿಮಗೇ ಸಲ್ತದೆ" ಎಂದು ಅಲ್ಲಿಂದಲೇ ಹೇಳಿ, ತಾನೇ ಮೊದಲು ಚಪ್ಪಾಳೆ ಶುರುಮಾಡಿದ.

ಶಾಮಿಯಾನ ಅದುರುವ ಹಾಗೆ ಚಪ್ಪಾಳೆ ಬಿತ್ತು. ಎಲ್ಲರ ಮುಖವೂ ವೇದಿಕೆಯ ಕಡೆಗೇ ಇತ್ತು. ಇಷ್ಟು ವರ್ಷ ಕಾಂತರಾಜ್ ಬಯಸಿದ್ದು ಇದನ್ನೇ. ಆದರೂ ಆ ಸದ್ದು ಯಾರ ಜಾಣತನಕ್ಕೆ ಬಿದ್ದದ್ದೆಂದು ಅವನಿಗಿಂತ ಚೆನ್ನಾಗಿ ಬಲ್ಲವರು ಅಲ್ಲಿ ಯಾರೂ ಇರಲಿಲ್ಲ. ಚಪ್ಪಾಳೆ ನಿಂತಿತು. ಜನ ಮುಂದಿನ ಮಾತಿಗಾಗಿ ಕಾದರು. ಅವನಿಗೆ ಒಂದು ಕಂದಪದ್ಯವೂ ನೆನಪಾಗಲಿಲ್ಲ. ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ.

"ಬಾರೋ ಕದಿರೇಶ, ಒಬ್ನೇ ನಿಂತ್ಕೊಳ್ಳೋಕೆ ಆಗ್ತಿಲ್ಲ" ಅಂದ, ರಾಜನ ದನಿಯಲ್ಲಲ್ಲ, ಮನೆಯಲ್ಲಿ ಕರೆಯುವ ದನಿಯಲ್ಲಿ.

ಜನ ನಕ್ಕರು. ಕದಿರೇಶ ಮಾತ್ರ ನಗದೆ ಮೆಟ್ಟಿಲು ಹತ್ತಿ ಬಂದ. ರಾಜ ಹಾರ ಹಾಕಿದ. ಪರದೆ ಬಿತ್ತು.

ಪರದೆಯ ಹಿಂದೆ ಕದಿರೇಶ ಗಟಗಟ ನೀರು ಕುಡಿದ. "ಭಾವ, ಏನೂ ಹೊಳೀಲಿಲ್ಲ. ನೀವು ನಿಜವಾಗ್ಲೂ ಹೋಗು ಅಂತಿದ್ದೀರಿ ಅನ್ನಿಸ್ತು. ಅದಕ್ಕೇ ಇಳಿದ್ಬಿಟ್ಟೆ. ಕೂತ್ಕೊಂಡ ಮೇಲೆ ಆ ಮಾತು ಬಂತು."

"ನಿಜವಾಗ್ಲೂ ಅಂದೆ ಕಣೋ" ಅಂದ ಕಾಂತರಾಜ್.

"ಗೊತ್ತು. ನಾಳೆಯಿಂದ ಬರಬೇಡ ಅಂದ್ರೆ ಬರಲ್ಲ ಭಾವ. ನನಗೆ ಮಂಡಿ ಕೆಲ್ಸ ಇದೆ."

ಕಾಂತರಾಜ್ ಮುಖದ ಬಣ್ಣ ಒರೆಸಿಕೊಂಡ. ಆಮೇಲೆ, "ಮುಂದಿನ ಆಟದಲ್ಲೂ ಇದನ್ನ ಇಟ್ಕೊಳ್ಳೋಣ. ಆದ್ರೆ ಸವಾಲು ನಂದು ಅಂತ ಎಲ್ರಿಗೂ ಹೇಳ್ಬೇಕು" ಅಂದ.

ಸಂಜೆ ಲಕ್ಕೂರಿನ ಮನೆಯಲ್ಲಿ ಇಬ್ಬರನ್ನೂ ಊಟಕ್ಕೆ ಕೂರಿಸಿ ಗಂಗಾ ಕೇಳಿದಳು: "ಇವತ್ತು ಯಾರಿಗೆ ಜಾಸ್ತಿ ಚಪ್ಪಾಳೆ?"

ಕಾಂತರಾಜ್ ಬಾಯಿ ತೆರೆಯುವ ಮೊದಲೇ ಕದಿರೇಶ, "ಎಲ್ಲಾ ಭಾವಂಗೇ ಅಕ್ಕ. ನನಗೆ ಒಂದೂ ಬೀಳ್ಲಿಲ್ಲ" ಅಂದ.

ಈ ದೊಡ್ಡತನವೂ ಇವನ ಪಾಲಿಗೇ ಬಂತಲ್ಲ ಎಂದು ಕಾಂತರಾಜ್ ಮತ್ತೆ ಕರುಬಿದ. ಅವನು ತಲೆ ಎತ್ತದೆ, "ಅವನ ತಟ್ಟೆ ಖಾಲಿ ಇದೆ, ಇನ್ನೊಂದು ಮುದ್ದೆ ಇಕ್ಕು" ಅಂದ.