ಕೇರಿಯ ಬಾವಿಗೆ ಪಟೇಲರ ಕೊಡ

ಮುದ್ದಮ್ಮನಿಗೆ ಸಿಟ್ಟು ಜಾಸ್ತಿ ಎಂದು ಗೊರವನಕಟ್ಟೆಯಲ್ಲಿ ಎಲ್ಲರೂ ಹೇಳುತ್ತಿದ್ದರು. ಹೇಳುವುದಕ್ಕೇನು, ಮಾತಿಗೆ ಸುಂಕವೇ? ಆ ಸಿಟ್ಟು ಎಲ್ಲಿಂದ ಬಂತು ಎಂದು ಕೇಳಿದವರು ಮಾತ್ರ ಒಬ್ಬರೂ ಇರಲಿಲ್ಲ. ಹಳ್ಳಿಮೈಸೂರಿನ ಕಡೆಯಿಂದ ಮದುವೆಯಾಗಿ ಬಂದ ಹುಡುಗಿ ಬರುವಾಗಲೇ ಸೆರಗಿನಲ್ಲಿ ಸಿಟ್ಟು ಕಟ್ಟಿಕೊಂಡು ಬಂದಿರಲಿಲ್ಲ. ತವರಿನ ಕೇರಿಯ ಪಕ್ಕದಲ್ಲೇ ನಾಲೆ ಹರಿಯುತ್ತಿತ್ತು. ಬೇಕಾದಾಗ ಇಳಿದು, ಬೇಕಾದಷ್ಟು ಮೊಗೆದುಕೊಂಡು ಬೆಳೆದವಳು. ನುಗ್ಗೇಹಳ್ಳಿ ಸೀಮೆಯ ಈ ಒಣಭೂಮಿಗೆ ಕಾಲಿಟ್ಟ ಮೇಲೆ ನೀರು ಅಂದರೆ ಕಾಯುವುದು ಎಂದು ಅವಳಿಗೆ ಗೊತ್ತಾಯಿತು.

ಕೇರಿಯವರು ಊರ ಬಾವಿಯ ಕಟ್ಟೆ ಹತ್ತುವಂತಿರಲಿಲ್ಲ. ಕೊಡವನ್ನು ನೆಲದ ಮೇಲಿಟ್ಟು, ದೂರ ಸರಿದು ನಿಂತು, "ಒಂದ್ ಕೊಡ ಉಯ್ರವ್ವಾ" ಎಂದು ಬೇಡಬೇಕು. ಕಟ್ಟೆ ಮೇಲಿನವರಿಗೆ ಮನಸ್ಸು ಬಂದರೆ ಹುಯ್ದಾರು, ಬರದಿದ್ದರೆ ಸೊಸೆಯ ಮೇಲಿನ ದೂರು, ಎಮ್ಮೆಯ ಕೆಚ್ಚಲಿನ ಸುದ್ದಿ ಎಲ್ಲ ಮುಗಿಯುವ ತನಕ ನಿಂತಿರಬೇಕು. ಐವತ್ತೇಳನೇ ಇಸವಿಯ ಬೇಸಗೆಯಲ್ಲಿ ಮಗಳಿಗೆ ಜ್ವರ ಬಂದು ಮೈ ಕಾದ ಹೆಂಚಾಗಿತ್ತು. ಮುದ್ದಮ್ಮ ಬೆಳಿಗ್ಗೆ ಹೋಗಿ ನಿಂತವಳು ಹೊತ್ತು ನೆತ್ತಿಗೆ ಬಂದರೂ ನಿಂತೇ ಇದ್ದಳು. ಕೊನೆಗೆ ಒಬ್ಬಾಕೆ ಅರ್ಧ ಕೊಡ ಹುಯ್ದು, "ದಿನಾ ಬಂದ್ ನಿಂತ್ಕೋತೀಯಲ್ಲ, ನಿಮ್ಮನೇಲೇನು ಆನೆ ಸಾಕಿದ್ದೀರಾ?" ಎಂದು ನಕ್ಕಳು. ಕಟ್ಟೆ ಮೇಲಿದ್ದವರೆಲ್ಲ ನಕ್ಕರು. ಮಗು ಹುಷಾರಾಯಿತು. ಆ ನಗು ಮಾತ್ರ ಮುದ್ದಮ್ಮನ ಹೊಟ್ಟೆಯೊಳಗೆ ಹಾಗೆಯೇ ಉಳಿಯಿತು.

ಆಗ ಬ್ಲಾಕ್ ಆಫೀಸಿನವರು ಹಳ್ಳಿಹಳ್ಳಿಗೆ ಬಂದು ಶ್ರಮದಾನ, ಶ್ರಮದಾನ ಎಂದು ಭಾಷಣ ಮಾಡುತ್ತಿದ್ದ ಕಾಲ. ಗ್ರಾಮಸೇವಕ ರಾಮಣ್ಣ ಸೈಕಲ್ಲಿನಲ್ಲಿ ಬಂದು ಕೇರಿಯ ಹೊಂಗೆಮರದ ಕೆಳಗೆ ನಿಂತು ಹೇಳಿದ: "ನೀವು ಅಗೀರಿ. ನೀರು ಬಂದ್ರೆ ಕಟ್ಟೋ ಕಲ್ಲು, ಸಿಮೆಂಟು ನಾನು ಕೊಡಿಸ್ತೀನಿ." ಗಂಡಸರು ತಲೆ ಕೆರೆದುಕೊಂಡರು. ಮುದ್ದಮ್ಮನ ಗಂಡ ದ್ಯಾವಯ್ಯ, "ಊರೋರ್ನ ಒಂದ್ ಮಾತು ಕೇಳಿ..." ಎಂದು ಬಾಯಿ ತೆರೆದ.

"ಯಾವೂರೋರ್ನ ಕೇಳೀಯೆ? ನಮ್ಮ ಬಾಯಿ ಒಣಗ್ದಾಗ ಅವ್ರು ನಮ್ಮನ್ನ ಕೇಳಿದ್ರಾ?" ಎಂದಳು ಮುದ್ದಮ್ಮ. "ಗುದ್ಲಿ ಇಡ್ಕೊಳಯ್ಯ ಸುಮ್ಕೆ."

ದ್ಯಾವಯ್ಯ ಕೆಟ್ಟವನಲ್ಲ. ದುಡಿಯುವುದರಲ್ಲಿ ಎರಡಾಳಿನ ಸಮ. ಆದರೆ ಅವನ ಬೆನ್ನು ಬಗ್ಗಿ ಬಗ್ಗಿ ಅದೇ ರೂಢಿಯಾಗಿತ್ತು. ಯಾರಾದರೂ ಬಿಳಿ ಪಂಚೆಯವರು ಎದುರಾದರೆ ಸಾಕು, ಹೆಗಲ ಮೇಲಿನ ಟವೆಲು ತಾನಾಗಿಯೇ ಕಂಕುಳಿಗೆ ಇಳಿದುಬಿಡುತ್ತಿತ್ತು. ಅದನ್ನು ಕಂಡರೆ ಮುದ್ದಮ್ಮನಿಗೆ ಮೈಯೆಲ್ಲ ಉರಿಯುತ್ತಿತ್ತು.

ಅಗೆತ ಶುರುವಾಯಿತು. ಕೂಲಿ ತಪ್ಪಿಸಿಕೊಂಡರೆ ಒಲೆ ಹತ್ತುವುದಿಲ್ಲ, ಅಗೆಯದಿದ್ದರೆ ನೀರಿಲ್ಲ. ಅದಕ್ಕೆ ಸರದಿ ಹಾಕಿಕೊಂಡರು. ಮನೆಗೊಬ್ಬರು ಬಾವಿಗೆ, ಉಳಿದವರು ಕೂಲಿಗೆ. ಅಗೆಯಲಾರದ ಮುದುಕಿಯರು ಒಂದೇ ದೊಡ್ಡ ಮಡಕೆಯಲ್ಲಿ ಎಲ್ಲರಿಗೂ ಅಂಬಲಿ ಕಾಯಿಸುವುದು. ಹೆಂಗಸರು ಮಣ್ಣು ಹೊತ್ತು ಹೊತ್ತು ನೆತ್ತಿ ಸವೆಸಿಕೊಂಡರು. ನಡುವೆ ಬಂಡೆ ಬಂತು. ಗಂಡಸರು ಮೇಲೆ ಬಂದು ಕೂತು, ದೇವರು ಕಣ್ಣು ಬಿಡಲಿಲ್ಲ ಎಂದು ಬೀಡಿ ಹಚ್ಚಿದರು. ಮುದ್ದಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಹಗ್ಗ ಹಿಡಿದು ತಾನೇ ಇಳಿಯಲು ಹೋದಳು. ಆಗ ಮಾನ ಹೋಯಿತೆಂದು ಎಲ್ಲರೂ ಎದ್ದರು. ಬಂಡೆ ಒಡೆಯಿತು, ಮಳೆಗಾಲಕ್ಕೆ ಮುಂಚೆಯೇ ನೀರು ಬಂತು. ಎಂಥ ನೀರು ಅಂತೀರಿ, ಎಳನೀರು! ಊರ ಬಾವಿಯದೋ, ಬೇಳೆ ಬೇಯದ ಸವುಳು ನೀರು. ರಾಮಣ್ಣ ಹೇಳಿದಂತೆ ಕಲ್ಲು, ಸಿಮೆಂಟು ಕೊಡಿಸಿದ. ಕಟ್ಟೆ ಎದ್ದಿತು.

ಕಟ್ಟೆ ಒಣಗಿದ ಮೇಲೆ ಗಂಗೆಪೂಜೆ ಎಂದು ಗೊತ್ತುಮಾಡಿದರು. ಬೆಳಿಗ್ಗೆ ಮುದ್ದಮ್ಮ ಮಿಂದು, ಕೊಡಕ್ಕೆ ಅರಿಶಿನ ಬಳಿದು, ಕೇರಿಯ ಹೆಂಗಸರನ್ನು ಕಟ್ಟಿಕೊಂಡು ಬಾವಿಗೆ ಬಂದಳು. ಬಂದು ನೋಡಿದರೆ ಅಲ್ಲಿ ಪಟೇಲ ಪಾಲಾಕ್ಷಪ್ಪ ನಿಂತಿದ್ದಾನೆ! ಅವನ ಹೆಂಡತಿ ರೇವಮ್ಮ ಹಿತ್ತಾಳೆ ಕೊಡ ಇಳಿಬಿಟ್ಟು ನೀರು ಸೇದುತ್ತಿದ್ದಾಳೆ. ಪಕ್ಕದಲ್ಲಿ ದ್ಯಾವಯ್ಯ, ಟವೆಲು ಕಂಕುಳಲ್ಲಿ, ಹಲ್ಲು ಬಿಟ್ಟುಕೊಂಡು.

ಆಗಿದ್ದು ಇಷ್ಟೇ. ಆ ಸೀಮೆಯಲ್ಲಿ ಹೊಸದು ಏನೇ ಮಾಡಿದರೂ ದೊಡ್ಡವರ ಕೈಯಲ್ಲಿ ಮೊದಲು ಮುಟ್ಟಿಸುವ ಪದ್ಧತಿ. ಮೊದಲ ಬಿತ್ತನೆಗೆ ಪಟೇಲರ ಕೈ, ಕಣ ಮಾಡಿದರೆ ಮೊದಲ ಮೊರಕ್ಕೆ ಪಟೇಲರ ಕೈ. ಅಪ್ಪ, ತಾತ ಎಲ್ಲ ಹಾಗೆಯೇ ಮಾಡಿದ್ದು. ದ್ಯಾವಯ್ಯ ಯಾರನ್ನೂ ಕೇಳದೆ, ಕೇಳುವಂಥದ್ದು ಅದರಲ್ಲಿ ಏನಿದೆ ಎಂದು ಕೂಡ ಅನಿಸದೆ, ಹೋಗಿ ಕರೆದುಬಿಟ್ಟಿದ್ದ. "ಮೊದಲ್ನೇ ಕೊಡ ನಿಮ್ ಕೈನಾಗೇ ಆಗ್ಬೇಕು ಬುದ್ದಿ" ಎಂದು ಕೈಮುಗಿದು ಬಂದಿದ್ದ.

ರೇವಮ್ಮ ಕೊಡ ತುಂಬಿಸಿ, ಒಂದು ಗುಟುಕು ಬಾಯಿಗೆ ಹಾಕಿಕೊಂಡು, "ಸಕ್ಕರೆ ಕಣ್ರೀ" ಎಂದಳು. ಪಾಲಾಕ್ಷಪ್ಪ ತೆಂಗಿನಕಾಯಿ ಒಡೆದ. ಆಮೇಲೆ ಕೇರಿಯ ಹೆಂಗಸರ ಕಡೆ ತಿರುಗಿ, ಬಹಳ ಉಪಕಾರ ಮಾಡುವವನಂತೆ ಹೇಳಿದ: "ನಮ್ಮನೆ ಕೊಡ ಇಳಿದ ಬಾವಿ ಇದು. ಇನ್ನು ನೀವು ಕೊಡ ಇಳಿಸೋ ಹಂಗಿಲ್ಲ. ನಮ್ಮೋರು ಬತ್ತಾರೆ, ನಿಮಗೂ ಸೇದಿ ಉಯ್ತಾರೆ. ಹತ್ರಾನೂ ಆಯ್ತಲ್ಲ?"

ಹತ್ತಿರವಾಯಿತಂತೆ! ಅಗೆದವರು ಇವರು, ಹೊತ್ತವರು ಇವರು, ಸ್ವಂತ ಬಾವಿಯ ಮುಂದೆ ನಿಂತು ಬೇಡಬೇಕಾದವರೂ ಇವರೇ. ನಾಚಿಕೆ ಎನ್ನುವುದು ಮನುಷ್ಯನಿಗೆ ಎಳ್ಳಷ್ಟಾದರೂ ಬೇಡವೇ? ಮುದ್ದಮ್ಮ ಅರಿಶಿನ ಬಳಿದ ಕೊಡವನ್ನು ಅಲ್ಲೇ ಕಲ್ಲಿಗೆ ಅಪ್ಪಳಿಸಿ ಮನೆಗೆ ಬಂದಳು. ಗಂಡ ಹೊಸ್ತಿಲು ದಾಟಿದ್ದೇ ತಡ, ಅವನ ಮೇಲೆ ಹರಿಹಾಯ್ದಳು.

"ನಿನ್ ನಾಲ್ಗೆ ಬಿದ್ದೋಗಾ! ಯಾರ್ ಬೆವರು ಅಂತ ಕೊಟ್ಟ್ ಬಂದೆಯಯ್ಯಾ? ಬಂಡೆ ಒಡ್ದೋನು ನೀನೇ, ನನ್ ನೆತ್ತಿ ಸವ್ದದ್ದು ನೋಡು, ಕಣ್ಣೈತಾ?"

"ಮರ್ಯಾದೆಗೆ ಕರ್ದೆ ಕಣಮ್ಮಿ. ಇಂಗ್ ಮಾಡ್ತಾರೆ ಅಂತ ನಂಗೇನ್ ಗೊತ್ತು?" ದ್ಯಾವಯ್ಯ ಮೂಲೆಯಲ್ಲಿ ಕೂತು ಮೊಣಕಾಲ ಮೇಲೆ ತಲೆಯಿಟ್ಟುಕೊಂಡ.

"ಅವ್ರ ಮರ್ಯಾದೆ ನಿಂಗ್ ಗೊತ್ತು. ನಿನ್ ಮರ್ಯಾದೆ ಯಾರಿಗ್ ಗೊತ್ತು?"

ಆಮೇಲಿನ ದಿನಗಳಲ್ಲಿ ಊರ ಹೆಂಗಸರು ಸಿಹಿನೀರಿಗೆಂದು ಸಾಲುಸಾಲಾಗಿ ಕೇರಿಯ ಬಾವಿಗೆ ಬಂದರು. ಕೇರಿಯವರು ಹೊಂಗೆಮರದ ನೆರಳಲ್ಲಿ ಕೊಡ ಇಟ್ಟುಕೊಂಡು ಕಾದರು. ಮುದ್ದಮ್ಮ ಗುಡಿಸಲಿಂದ ಗುಡಿಸಲಿಗೆ ಹೋಗಿ ಬಾಗಿಲಲ್ಲಿ ನಿಂತು ಜಗಳಾಡಿದಳು. "ಒಬ್ಳೇ ಇಳಿಸಿದ್ರೆ ನನ್ ಕೈ ಮುರೀತಾರೆ. ಎಲ್ರೂ ಇಳಿಸಿದ್ರೆ ಎಷ್ಟ್ ಕೈ ಮುರಿದಾರು?" ಹೆದರಿದವರಿಗೆ ಬೈದಳು, ಅತ್ತವರಿಗೆ ಇನ್ನೂ ಬೈದಳು. ಪಕ್ಕದ ಗುಡಿಸಲಿನ ಮಲ್ಲಿಗಮ್ಮ, ಹಲ್ಲಿಲ್ಲದ ಮುದುಕಿ, ಮೊದಲು ಎದ್ದಳು. "ನಡೀರೇ, ಸಾಯೋ ಒಳಗೆ ಒಂದ್ಸಲ ನನ್ ಕೈಲೇ ಸೇದ್ಕೊಂಡ್ ಕುಡೀತೀನಿ" ಎಂದಳು.

ಒಂದು ಸೋಮವಾರ ಬೆಳಿಗ್ಗೆ ಕೇರಿಯ ಹೆಂಗಸರೆಲ್ಲ ಒಟ್ಟಿಗೆ ಕಟ್ಟೆ ಹತ್ತಿದರು. ಮುದ್ದಮ್ಮ ಕೊಡ ಇಳಿಸಿದಳು, ಮಲ್ಲಿಗಮ್ಮ ಹಗ್ಗಕ್ಕೆ ಕೈ ಕೊಟ್ಟಳು. ಊರ ಹೆಂಗಸರು ಹಾವು ಕಂಡವರಂತೆ ಕೂಗಿಕೊಂಡು ಓಡಿದರು. ಸ್ವಲ್ಪ ಹೊತ್ತಿಗೆಲ್ಲ ಪಾಲಾಕ್ಷಪ್ಪ ಆಳುಗಳನ್ನು ಕರೆದುಕೊಂಡು ಬಂದ. ಹೆಂಗಸರ ಜೊತೆ ಮಾತಾಡುವುದು ಅವನ ಘನತೆಗೆ ಕಡಿಮೆ. ದ್ಯಾವಯ್ಯನನ್ನೇ ಮುಂದೆ ಕರೆಸಿದ.

"ಲೇ ದ್ಯಾವ, ಮೊದಲ್ನೇ ಕೊಡಕ್ಕೆ ನನ್ನನ್ನ ಕರ್ದೋನು ನೀನೇ ತಾನೇ? ಎಲ್ಲರ ಮುಂದೆ ಏಳ್ಲಾ."

ಮುದ್ದಮ್ಮ ಹಗ್ಗ ಬಿಡದೆ ಗಂಡನ ಕಡೆ ತಿರುಗಿದಳು. ಈ ಮನುಷ್ಯ ಈಗ ಹೂಂ ಎಂದರೆ ಬಾವಿ ಹೋಯಿತು.

"ಕರ್ದೋನು ನಾನೇ ಬುದ್ದಿ" ಎಂದ ದ್ಯಾವಯ್ಯ. ಬೆನ್ನು ಬಗ್ಗಿಯೇ ಇತ್ತು. "ಒಂದ್ ಕೊಡ ಸೇದಿ ಅಂತ ಕರ್ದೆ. ಬಾವಿ ತಕ್ಕೊಳ್ಳಿ ಅಂತ ಕರೀನಿಲ್ಲ."

ಪಾಲಾಕ್ಷಪ್ಪನ ಮುಖ ಕಪ್ಪಿಟ್ಟಿತು. "ನೀರು ಎಂಗ್ ಕುಡೀತೀರೋ ನೋಡ್ತೀನಿ" ಎಂದು ಹೊರಟುಹೋದ.

ಮಾರನೆಯ ಬೆಳಿಗ್ಗೆ ಬಾವಿಯಲ್ಲಿ ಸತ್ತ ಎಮ್ಮೆಗರು ತೇಲುತ್ತಿತ್ತು.

ಹೆಂಗಸರು ಬಾಯಿಬಾಯಿ ಬಡಿದುಕೊಂಡರು. ಮುದ್ದಮ್ಮ ಅಳಲಿಲ್ಲ. ಅಳುವುದಕ್ಕೆ ಸಿಟ್ಟು ಜಾಗ ಬಿಡಬೇಕಲ್ಲ! ದ್ಯಾವಯ್ಯ, ಅವನ ತಮ್ಮ ಪಾಪಯ್ಯ ಇಳಿದು ಕರುವನ್ನು ಎತ್ತಿದರು. ಇಡೀ ಕೇರಿ ಸೇರಿ ತಳ ಕಾಣುವವರೆಗೆ ನೀರು ಸೇದಿ ಚೆಲ್ಲಿತು. ಸುಣ್ಣ ಹಾಕಿ, ಊಟೆ ಒಸರಿ ಬಾವಿ ಮತ್ತೆ ತುಂಬುವವರೆಗೆ ಎಲ್ಲರೂ ಅಲ್ಲೇ ಕೂತರು. ರಾಮಣ್ಣ ಬಂದು, "ಚನ್ನರಾಯಪಟ್ಟಣಕ್ಕೆ ಹೋಗಿ ಪೊಲೀಸರಿಗೆ ಕಂಪ್ಲೇಂಟ್ ಕೊಡೋಣ" ಎಂದ.

"ಕೊಡಿ ಸಾ. ಅವ್ರು ಬತ್ತಾರೆ, ಪಟೇಲ್ರ ಮನೇಲಿ ಉಂಡು ಓಯ್ತಾರೆ" ಎಂದಳು ಮುದ್ದಮ್ಮ. ಆಮೇಲೆ ಕೇರಿಯವರ ಕಡೆ ತಿರುಗಿದಳು. "ಊರಿನ ಸತ್ತ ದನ ಎತ್ತೋ ಕೈ ಯಾವ್ದು? ನಮ್ದು. ಅದ್ಕೇ ಅಲ್ವಾ ನಾವು ಕೀಳು? ಆ ಸತ್ತ ಕರಾನೇ ತಂದು ನಮ್ ಬಾಯಿಗೆ ಆಕವ್ರಲ್ಲ, ಈ ಕರ ಎತ್ತಿದ್ದೇ ಕೊನೆ. ಇವತ್ತಿಂದ ಈ ಕೇರಿ ಕೈ ಊರಿನ ಯಾವ ಸತ್ತ ದನಾನೂ ಮುಟ್ಟಂಗಿಲ್ಲ."

ಎಲ್ಲರೂ ದಂಗಾದರು. ಸತ್ತ ದನ ಎತ್ತಿದ್ದಕ್ಕೆ ಸುಗ್ಗಿಯಲ್ಲಿ ಸಿಗುವ ರಾಗಿ, ಚರ್ಮ ಎರಡೂ ಹೋಗುತ್ತವೆ. ಹೋದವು. ಊರಿನವರು ಹೊಲಕ್ಕೂ ಕರೆಯಲಿಲ್ಲ, ಅಂಗಡಿಯಲ್ಲಿ ಉಪ್ಪೂ ಕೊಡಲಿಲ್ಲ. ಗಂಡಸರು ಚನ್ನರಾಯಪಟ್ಟಣದ ರಸ್ತೆ ಕೆಲಸಕ್ಕೆ, ಕೆಲವರು ಹಾಸನದವರೆಗೂ ನಡೆದರು. ಬಾವಿ ಅಗೆಯುವಾಗಿನ ಮಡಕೆ ಮತ್ತೆ ಒಲೆ ಹತ್ತಿತು. ತಂದವರದು, ತಾರದವರದು ಎಲ್ಲ ಅದರಲ್ಲೇ ಬೆಂದಿತು. ಸೊಪ್ಪು ತಿಂದರು, ಒಂದೊಂದು ದಿನ ನೀರೇ ಕುಡಿದು ಮಲಗಿದರು. ಸ್ವಂತ ನೀರು ಎಂಬುದೊಂದೇ ಸಮಾಧಾನ.

ಪಾಪಯ್ಯ ತಡೆಯಲಾರದೆ ಹೋದ. ಮಕ್ಕಳು ಹಸಿದಿದ್ದವು. ಕದ್ದುಹೋಗಿ ಯಾರದೋ ಸತ್ತ ಎಮ್ಮೆ ಎತ್ತಿ ಒಂದು ಮೊರ ರಾಗಿ ತಂದ. ಕೇರಿ ಕೆಂಡವಾಯಿತು. ಇವನ ಮನೆಗೆ ಬಾವಿಯ ನೀರು ಬಂದ್ ಮಾಡಬೇಕು ಎಂದು ನಾಲ್ಕಾರು ಜನ ಕೂಗಿದರು. ಮುದ್ದಮ್ಮ ಮೈದುನನಿಗೆ ಮುಖ ಮೂತಿ ನೋಡದೆ ಬೈದಳು. ಬೈದು ಮುಗಿಸಿ ಕೂಗಿದವರ ಮೇಲೆ ತಿರುಗಿಬಿದ್ದಳು.

"ನೀರು ಇಲ್ಲ ಅನ್ನೋ ಮಾತ್ನ ಈ ಬಾವಿ ತಾವ ಯಾರೂ ಆಡ್ಕೂಡ್ದು! ಆ ಮಾತು ಕೇಳಿ ಕೇಳಿ ಸಾಕಾಗೇ ಇದ್ನ ಅಗ್ದಿದ್ದು. ಅವ್ನ್ ಎಂಡ್ತಿ ಬರ್ಲಿ, ಸೇದ್ಕೊಳ್ಲಿ."

ಪಾಪಯ್ಯ ಮಾರನೆಯ ದಿನ ರಸ್ತೆ ಕೆಲಸಕ್ಕೆ ಹೊರಟ.

ಹಾಗೂ ಹೀಗೂ ಶಿವರಾತ್ರಿ ಕಳೆಯಿತು. ಬಿಸಿಲು ಏರಿದ ಹೊತ್ತಿನಲ್ಲೇ ಪಾಲಾಕ್ಷಪ್ಪನ ಕೊಟ್ಟಿಗೆಯಲ್ಲಿ ಕರಾವಿನ ಹಸು ಸತ್ತಿತು. ಎರಡು ದಿನ ಯಾರಾದರೂ ಬಂದಾರೆಂದು ಕಾದ. ಪಕ್ಕದ ಊರಿನ ಕೇರಿಗೆ ಆಳು ಕಳಿಸಿದ. ಅವರಿಗೂ ಸುದ್ದಿ ಮುಟ್ಟಿತ್ತು, ಬರಲಿಲ್ಲ. ಮೂರನೆಯ ದಿನ ಮನೆಯವರು ಅನ್ನದ ತಟ್ಟೆ ಮುಂದೆ ಕೂರಲಾರದೆ ಜಗಲಿಗೆ ಬಂದರು, ಜಗಲಿಯಲ್ಲೂ ನಿಲ್ಲಲಾರದೆ ಬೀದಿಗೆ ಬಂದರು. ಕಡೆಗೆ ಪಾಲಾಕ್ಷಪ್ಪ ಮೂಗಿಗೆ ವಲ್ಲಿ ಹಿಡಿದು ಕೇರಿಗೆ ಬಂದು ಬಾವಿಯಿಂದಾಚೆ ನಿಂತ. ಮುದ್ದಮ್ಮ ನೀರು ಸೇದುತ್ತಿದ್ದಳು. ದ್ಯಾವಯ್ಯ ಕಟ್ಟೆಯ ಪಕ್ಕ ಕೂತು ಹಗ್ಗ ಹೊಸೆಯುತ್ತಿದ್ದ.

"ದ್ಯಾವಯ್ಯ," ಎಂದ ಪಾಲಾಕ್ಷಪ್ಪ. ದ್ಯಾವ ಎನ್ನಲಿಲ್ಲ. "ಆಗಿದ್ದು ಆಯ್ತು. ಬಾವಿ ನಿಮ್ದೇ ಅಂತ ನಾನೇ ಊರಿಗೆಲ್ಲ ಏಳ್ತೀನಿ. ಬಾ, ಆ ಹಸೂದೊಂದು ಗತಿ ಕಾಣಿಸು."

ದ್ಯಾವಯ್ಯ ಎದ್ದುನಿಂತ. ಟವೆಲು ಹೆಗಲಿಂದ ಜಾರಿತು. ಅಯ್ಯೋ, ಹೊರಟನಲ್ಲ ಇವನು ಎಂದು ಮುದ್ದಮ್ಮ ಕೈಲಿದ್ದ ಕೊಡವನ್ನು ಕಟ್ಟೆಯ ಮೇಲೆ ಕುಕ್ಕಿದಳು.

"ಬಾವಿ ನಮ್ದು ಅಂತ ನೀವ್ ಏಳೋದೇನು ಪಟೇಲ್ರೇ? ಅಗ್ದೋರ್ಗೆ ಗೊತ್ತಿಲ್ವಾ? ಹಸ ನಿಮ್ದು. ಆಲು ಕರ್ಕೊಂಡ್ ಕುಡ್ದೋರು ನೀವು. ನೀವೇ ಒತ್ಕೊಂಡೋಗಿ."

ಪಾಲಾಕ್ಷಪ್ಪ ಅವಳ ಕಡೆ ನೋಡದೆ ದ್ಯಾವಯ್ಯನನ್ನೇ ನೋಡಿದ. ದ್ಯಾವಯ್ಯ ಹೊಸೆದಿದ್ದ ಹಗ್ಗವನ್ನು ಸುರುಳಿ ಸುತ್ತಿದ, ನಾಲ್ಕು ಹೆಜ್ಜೆ ಮುಂದೆ ಹೋಗಿ ಪಟೇಲನ ಕಾಲ ಬಳಿ ನೆಲದ ಮೇಲಿಟ್ಟು ಹಿಂದೆ ಸರಿದು ನಿಂತ.

"ಕಾಲಿಗ್ ಕಟ್ಟಿ ಎಳೀಬೇಕು ಬುದ್ದಿ," ಎಂದ ಎಂದಿನ ಮರ್ಯಾದೆಯಲ್ಲೇ. "ಇಬ್ರಿಗಾಗಾಕಿಲ್ಲ. ಮನೇರೆಲ್ಲ ಕೈ ಆಕ್ಬೇಕು."

ಆ ಮಧ್ಯಾಹ್ನ ಪಟೇಲನೂ ಅವನ ಮಕ್ಕಳೂ ಮೂಗಿಗೆ ಬಟ್ಟೆ ಕಟ್ಟಿಕೊಂಡು ಊರ ದೊಡ್ಡಬೀದಿಯ ಉದ್ದಕ್ಕೂ ಹಸುವನ್ನು ಎಳೆದರು. ಕೇರಿಯವರು ಬಾವಿಕಟ್ಟೆಯ ಮೇಲೆ ನಿಂತು ನೋಡಿದರು. ಯಾರೂ ನಗಲಿಲ್ಲ. ಮುದ್ದಮ್ಮ ಗಂಡನಿಗೆ ಬೈಯಲು ಏನೂ ಸಿಗದೆ, ಒಂದು ಚೊಂಬು ನೀರು ತುಂಬಿ ಅವನ ಕೈಗೆ ಕೊಟ್ಟಳು.