ಹೊಲಕ್ಕೆ ಇಳಿಯುವ ಕಾಲು

ಸಿಂದಗಿಯ ಹುಮಾ ಹುಬ್ಬಳ್ಳಿಯ ಕಾಲೇಜೊಂದರಲ್ಲಿ ಕೃತಕ ಕೈಕಾಲು ತಯಾರಿಸುವ ಕೋರ್ಸಿನ ಕೊನೆಯ ವರ್ಷದಲ್ಲಿದ್ದಳು. ಆ ವರ್ಷ ಅವಳೂ ಸೇರಿ ಒಂಬತ್ತು ಮಂದಿ ವಿದ್ಯಾರ್ಥಿಗಳನ್ನು ಅಧ್ಯಾಪಕಿ ರಾಜೇಶ್ವರಿ ಮೇಡಂ ಲಾವೋಸ್ ದೇಶಕ್ಕೆ ಕರೆದೊಯ್ದರು. ಯುದ್ಧ ಮುಗಿದು ಐವತ್ತು ವರ್ಷವಾದರೂ ಅಲ್ಲಿಯ ಹೊಲಗಳಲ್ಲಿ ಅಂದು ವಿಮಾನದಿಂದ ಬಿದ್ದು ಸಿಡಿಯದೆ ಉಳಿದ ಬಾಂಬುಗಳು ಇನ್ನೂ ಸಿಗುತ್ತಿದ್ದವು. ಕಾಲು ಕಳೆದುಕೊಂಡವರೂ ಬಹಳ.

"ಬಾಂಬ್ ಇರೋ ನೆಲಕ್ಕ ಯಾಕ ಹೋಗ್ತಿ?" ಎಂದು ತಾಯಿ ಸೈದಾಬಿ ತಕರಾರು ತೆಗೆದಿದ್ದರು.

"ನಾ ಕಲಿಯೂದು ಅಲ್ಲೇ ಐತಿ ಅಮ್ಮಿ," ಎಂದು ಹುಮಾ ಚೀಲ ತುಂಬಿದ್ದಳು.

ಹಳೆಯ ಯುದ್ಧದ ಬಯಲಿನಲ್ಲಿ ಬಾಂಬಿನ ಗುಂಡಿಗಳು ಬಾಯಿ ತೆರೆದುಕೊಂಡೇ ಇದ್ದವು. ಶೋಧ ಮುಗಿದ ಕಡೆಗೆ ಬಿಳಿ ಗುರುತು, ಮುಗಿಯದ ಕಡೆಗೆ ಕೆಂಪು. ಬಿಳಿ ಬಿಟ್ಟು ಒಂದು ಹೆಜ್ಜೆಯೂ ಆಚೆ ಇಡಬೇಡಿ ಎಂದ ಗೈಡ್. ಹುಮಾ ಬಿಳಿ ಗುರುತು ನೋಡಿಕೊಂಡೇ ಹೆಜ್ಜೆ ಇಟ್ಟಳು. ಬಯಲಿನಾಚೆಯ ಗದ್ದೆಯಲ್ಲಿ ಹೆಂಗಸೊಬ್ಬಳು ಕೆಸರಿನಲ್ಲಿ ನಿಂತು ಭತ್ತ ನಾಟಿ ಮಾಡುತ್ತಿದ್ದಳು. ಅವಳ ಎಡಗಾಲು ಮೊಣಕಾಲಿನಿಂದ ಕೆಳಗೆ ಕಟ್ಟಿಗೆಯದು.

ಹುಮಾ ಬದುವಿನ ಮೇಲೆ ಕೂತು ಗೈಡ್‌ನಿಂದ ಕೇಳಿಸಿದಳು: ಕಾಲು ಕೆಸರಿನಲ್ಲಿ ಸಿಕ್ಕಿಕೊಳ್ಳುವುದಿಲ್ಲವೆ? ಹೆಂಗಸು ನಕ್ಕು ಕಾಲೆತ್ತಿ ತೋರಿಸಿದಳು. ಪಾದವೇ ಇರಲಿಲ್ಲ, ತುದಿಗೆ ಮುಷ್ಟಿಯಷ್ಟು ದುಂಡನೆಯ ರಬ್ಬರು. ಪಾದವಿರುವ ಕಾಲನ್ನು ಪೇಟೆಗೆ ಹೋಗುವಾಗ ಹಾಕಿಕೊಳ್ಳುತ್ತೇನೆ ಅಂದಳು. ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಹುಮಾ ಉದ್ದ, ದಪ್ಪ, ಪಟ್ಟಿಯ ಬಿಗಿ ಎಲ್ಲ ಬರೆದುಕೊಂಡೇ ಎದ್ದಳು.

ಕೋರ್ಸು ಮುಗಿಸಿ ಸಿಂದಗಿಯ ಆಸ್ಪತ್ರೆಯೊಂದರಲ್ಲಿ ಕೆಲಸಕ್ಕೆ ಸೇರಿದ ಮೊದಲ ಮಳೆಗಾಲದಲ್ಲೇ ಮೋರಟಗಿಯ ಹೊನ್ನವ್ವ ಬಂದಳು. ಸಕ್ಕರೆ ಕಾಯಿಲೆಗೆ ಅವಳ ಬಲಗಾಲು ಮೊಣಕಾಲಿನಿಂದ ಕೆಳಗೆ ಹೋಗಿತ್ತು. ಹಿಂದೆ ಹಾಕಿಸಿಕೊಂಡಿದ್ದ ಕೃತಕ ಕಾಲನ್ನು ಚೀಲದಿಂದ ತೆಗೆದು ಮೇಜಿನ ಮೇಲಿಟ್ಟಳು.

"ಇದನ್ನ ನೀನ ಇಟ್ಕೋ ಯವ್ವಾ. ಎರಿ ಹೊಲದಾಗ ಇಳದ್ರ ಇದು ಅಲ್ಲೇ ಉಳೀತೈತಿ, ನಾ ಅಷ್ಟ ಮುಂದ ಹೋಗ್ತೇನಿ."

"ಇದು ಪ್ಯಾಟಿಗೆ ಹೋಗಾಕ ನಿಮ್ಮ ಹತ್ರಾನ ಇರಲಿ, ಹೊಲಕ್ಕ ಬ್ಯಾರೇ ಕಾಲು ಮಾಡ್ತೇನ್ರಿ," ಎಂದಳು ಹುಮಾ.

ಹುಮಾ ಬರೆದ ಹೊಸ ಕಾಲಿನ ಚಿತ್ರ ನೋಡಿ ಹಿರಿಯ ಡಾಕ್ಟರು ಮೂಗು ಮುರಿದರು. "ಪಾದ ಇಲ್ಲದ ಕಾಲು ಚಂದ ಕಾಣ್ತೈತೇನು?"

"ಚಂದಂದು ಅವರ ಹತ್ರ ಐತ್ರಿ ಸರ್. ಕಳೆ ತಗಿಯೂ ಕಾಲು ಬೇಕಾಗೇತಿ."

ಟ್ರ್ಯಾಕ್ಟರ್ ರಿಪೇರಿ ಮಾಡುವ ಅಮೀರ ಹಳೆಯ ಟಾಯರಿನಿಂದ ತುದಿ ಕತ್ತರಿಸಿಕೊಟ್ಟ. ಮೊದಲನೆಯ ಕಾಲು ಗೂಟದಂತೆ ಹೂತುಕೊಂಡಿತು, ಹೊನ್ನವ್ವ ಮುಗ್ಗರಿಸಿದಳು. ಎರಡನೆಯದರ ರಬ್ಬರೇ ಕಿತ್ತುಬಂತು. ಲಾವೋಸಿನದು ನೀರು ಕೆಸರು, ಇಲ್ಲಿಯದು ಅಂಟುವ ಕಪ್ಪು ಎರಿ ಮಣ್ಣು ಎಂಬುದು ಹುಮಾಗೆ ಹೊಳೆದದ್ದು ಆಗಲೇ. ಪ್ರತಿ ರವಿವಾರ ಬಸ್ಸು ಹಿಡಿದು ಮೋರಟಗಿಗೆ ಹೋದಳು. ಹೊಲದಲ್ಲೇ ಕೂತು ಅಳೆದು ಮೂರನೆಯದರ ತುದಿಯನ್ನು ಅಗಲ ಮಾಡಿಸಿದಳು, ನಾಲ್ಕನೆಯದರ ಅಂಚನ್ನೂ ಸವರಿಸಿದಳು.

ನಾಲ್ಕನೆಯದನ್ನು ಕಟ್ಟಿಕೊಂಡು ಹೊನ್ನವ್ವ ತೊಗರಿ ಸಾಲಿಗೆ ಇಳಿದಳು. ಸಾಲಿನ ಕೊನೆ ಮುಟ್ಟಿ ತಿರುಗಿ ಬಂದಳು. ಬೀಳಲಿಲ್ಲ.

"ಮೊಣಕಾಲಿಗೆ ಒತ್ತಾಕತ್ತೈತಿ," ಎಂದಳು ಬೆವರು ಒರೆಸಿಕೊಂಡು.

"ಕೂಡ್ರಿ, ಪಟ್ಟಿ ಸಡಿಲ ಮಾಡ್ತೇನಿ. ಆಮ್ಯಾಲ ಇನ್ನೊಂದು ಸಾಲು ಹೋಗಿ ಬರ್ರಿ."

ಆ ಹಂಗಾಮಿನ ಕಳೆಯನ್ನು ಹೊನ್ನವ್ವಳೇ ತೆಗೆದಳು. ಸುದ್ದಿ ಕೇಳಿ ಇಂಡಿಯಿಂದ ಇಬ್ಬರು, ಮನಗೂಳಿಯಿಂದ ಒಬ್ಬ ಹೊಲದ ಕಾಲು ಕೇಳಿಕೊಂಡು ಬಂದರು. ಹುಮಾ ಮೊದಲು ಅವರವರ ಹೊಲದ ಮಣ್ಣು ಎಂಥದೆಂದು ವಿಚಾರಿಸಿದಳು.