ಬೂದನ ಹಿಂದೆ ಜಾರಿದ ಸೊಣ್ಣಮ್ಮ

ಬೇಡ ಅಂದದ್ದನ್ನೇ ಮಾಡುವ ಗುಣ ಸೊಣ್ಣಮ್ಮನಿಗೆ ಚಿಕ್ಕಂದಿನಿಂದಲೂ ಇತ್ತು. ಈಗ ಆಕೆಗೆ ಅರವತ್ತು ದಾಟಿದೆ. ಕತ್ರಿಗುಪ್ಪೆಯಲ್ಲಿ ಸ್ವಂತ ಮನೆ. ಕೆಳಗೆ ತಾನು, ಮಗ ದೀಪಕ್, ಸೊಸೆ ಚೈತ್ರ, ಮೇಲಿನ ಮಹಡಿಗಳಲ್ಲಿ ಬಾಡಿಗೆಯವರು. ಆದರೆ ಅಲ್ಲೆಲ್ಲ ಹೊಲಗದ್ದೆಗಳಿದ್ದ ಕಾಲದಲ್ಲಿ ಹುಟ್ಟಿದವಳು ಅವಳು. ಹೊಸಕೆರೆಹಳ್ಳಿ ಕೆರೆಯ ಕೆಳಗಿನ ಗದ್ದೆಯಲ್ಲಿ ಕೆಸರು ಸಮ ಮಾಡಲು ಎತ್ತುಗಳಿಗೆ ಹಲಗೆ ಕಟ್ಟಿ, ಭಾರಕ್ಕೆಂದು ಅದರ ಮೇಲೆ ಗಂಡುಹುಡುಗರನ್ನು ನಿಲ್ಲಿಸುತ್ತಿದ್ದರು. ಹೆಣ್ಣುಮಕ್ಕಳು ಹತ್ತುವಂತಿರಲಿಲ್ಲ. ಒಂದು ದಿನ ಅಪ್ಪ ಬೀಡಿ ಹಚ್ಚಲು ಬದುವಿನತ್ತ ಹೋದಾಗ ಸೊಣ್ಣಮ್ಮ ಲಂಗ ಎತ್ತಿ ಕಟ್ಟಿಕೊಂಡು ಹಲಗೆ ಏರಿ ಎತ್ತುಗಳನ್ನು ಹೊಡೆದೇಬಿಟ್ಟಳು. ಕೆಸರು ಎರಡೂ ಪಕ್ಕಕ್ಕೆ ಹಾರುತ್ತಿತ್ತು, ಕಾಲ ಕೆಳಗಿನ ನೆಲವೇ ಓಡಿದಂತಿತ್ತು. ಸಂಜೆ ಅಜ್ಜಿ ಬೆನ್ನ ಮೇಲೆ ಬಾಸುಂಡೆ ಎಬ್ಬಿಸಿದಳು. ಮಾರನೆಯ ದಿನವೂ ಸೊಣ್ಣಮ್ಮ ಹಲಗೆ ಹತ್ತಿದಳು.

ಆಮೇಲೆ ಗದ್ದೆಗಳು ಸೈಟುಗಳಾದವು. ಮದುವೆ, ಮಗು, ಗಂಡನ ಸಾವು, ಮನೆ ಕಟ್ಟಿಸುವ ಗೋಳು, ಎಲ್ಲವೂ ಬಂದು ಹೋದವು. ಹೀಗಿರುವಾಗ ಎರಡನೇ ಮಹಡಿಯ ಬಾಡಿಗೆಯವರು ಖಾಲಿ ಮಾಡಿಕೊಂಡು ಹೋದರು, ಜೊತೆಗಿದ್ದ ನಾಯಿಯನ್ನು ಮಾತ್ರ ಬಾಲ್ಕನಿಯಲ್ಲೇ ಬಿಟ್ಟರು. ಹಸ್ಕಿ ಜಾತಿಯದು, ತಿಳಿನೀಲಿ ಕಣ್ಣು, ಬೂದಿ ಬಣ್ಣದ ದಟ್ಟ ಕೂದಲು. ಫೋನ್ ಮಾಡಿದರೆ ಎತ್ತುವವರಿಲ್ಲ. ಅದು ಗೋಡೆಗೆ ಮುಖ ಮಾಡಿ ಮಲಗಿತ್ತು.

“ಯಾರಿಗಾದ್ರೂ ಕೊಟ್ಬಿಡಮ್ಮ. ಇದು ಹಿಮದ ನಾಡಿನ ನಾಯಿ, ನಮ್ಮೂರಿಗೆ ಆಗಲ್ಲ” ಎಂದ ದೀಪಕ್.

“ಬಿಟ್ಟೋದೋರು ಒಬ್ರು ಸಾಲ್ದಾ? ಇನ್ನು ನಾವೂ ಬಿಡ್ಬೇಕಾ?” ಎಂದಳು ಸೊಣ್ಣಮ್ಮ. ಬೂದ ಎಂದು ಹೆಸರಿಟ್ಟಳು. ಅವನಿಗೆ ಮೊಸರನ್ನ ರುಚಿಯಾಯಿತು. ಮಧ್ಯಾಹ್ನದ ಬಿಸಿಲಿಗೆ ಹೊರಗೆ ಬಿಡದೆ ಬಚ್ಚಲಿನ ಪಕ್ಕದ ತಣ್ಣನೆಯ ಕಲ್ಲಿನ ಮೇಲೆ ಮಲಗಿಸಿದಳು.

ಆದರೆ ಬೂದನಿಗೆ ನಡೆಯುವುದೇ ಗೊತ್ತಿರಲಿಲ್ಲ, ಎಳೆಯುವುದು ಮಾತ್ರ ಗೊತ್ತಿತ್ತು. ಹಗ್ಗ ಹಿಡಿದರೆ ಸೊಣ್ಣಮ್ಮನನ್ನು ತರಕಾರಿ ಗಾಡಿಯವರೆಗೂ ದರದರ ಎಳೆದೊಯ್ಯುತ್ತಿದ್ದ. ಅದನ್ನು ನೋಡಿ ನಕ್ಕ ಚೈತ್ರ ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದಳು. ಎಲ್ಲೋ ಹಿಮದ ಬಯಲು; ಒಬ್ಬ ಹೆಂಗಸು ಕಾಲಿಗೆ ಸ್ಕೀ ಎಂಬ ಉದ್ದನೆಯ ಹಲಗೆ ಕಟ್ಟಿಕೊಂಡು, ಸೊಂಟದ ಪಟ್ಟಿಗೆ ನಾಯಿಯ ಹಗ್ಗ ಬಿಗಿದುಕೊಂಡು ಜಾರಿಹೋಗುತ್ತಿದ್ದಳು. “ಸ್ಕೀಜೋರಿಂಗ್ ಅಂತಾರೆ ಅತ್ತೆ.”

ಸೊಣ್ಣಮ್ಮ ಅದನ್ನು ಮತ್ತೆ ಮತ್ತೆ ಹಾಕಿಸಿ ನೋಡಿದಳು. “ಇದು ನಂಗೆ ಬತ್ತದೆ ಕಣಮ್ಮ” ಎಂದಳು. ಚೈತ್ರ ತಮಾಷೆ ಎಂದುಕೊಂಡಳು.

ತಮಾಷೆಯಾಗಿರಲಿಲ್ಲ. ಬ್ಯಾಗು ಹೊಲಿಯುವವನಿಂದ ಬೂದನ ಎದೆಗೊಂದು, ತನ್ನ ಸೊಂಟಕ್ಕೊಂದು ಪಟ್ಟಿ ಹೊಲಿಸಿದಳು. ಕಾಲಲ್ಲಿ ತಳ್ಳುವ ಎರಡು ಚಕ್ರದ ಸ್ಕೂಟರ್ ತರಿಸಿದಳು. ಗಾಡಿಗಳು ಬೀದಿಗಿಳಿಯುವ ಮುಂಚೆ, ಸೀರೆಯ ನೆರಿಗೆ ಸಿಕ್ಕಿಸಿ, ಕ್ಯಾನ್ವಾಸ್ ಶೂ ಹಾಕಿಕೊಂಡು, ಎರಡೂ ಪಟ್ಟಿಗೆ ಹಗ್ಗ ಬಿಗಿದು ಸ್ಕೂಟರಿನ ಮೇಲೆ ನಿಂತಳು. “ಹೈ ಬೂದಾ!” ಎಂದದ್ದೇ ತಡ, ಹಾಲಿನ ಬೂತು, ಅಶ್ವತ್ಥಕಟ್ಟೆ, ಜಿಮ್ಮಿನ ಬೋರ್ಡು ಎಲ್ಲ ಹಿಂದಕ್ಕೋಡಿದವು. ತಿರುವಿನಲ್ಲಿ ಬೂದನಿಗೆ ಬೆಕ್ಕೊಂದು ಕಂಡಿತು. ಸೊಣ್ಣಮ್ಮ ಕಾಂಪೌಂಡಿಗೆ ಬಡಿದು ಗಲ್ಲ ಒಡೆದುಕೊಂಡಳು.

ಯಾರೋ ಅದನ್ನು ಫೋನಿನಲ್ಲಿ ಹಿಡಿದಿದ್ದರು. ಬೀದಿಯ ವಾಟ್ಸಾಪ್ ಗುಂಪಿನಲ್ಲಿ ದಿನವಿಡೀ ನಗುವಿನ ಗುರುತುಗಳು. ದೀಪಕ್ ಆಫೀಸಿನಿಂದ ಬಂದವನೇ ಕೂಗಾಡಿದ. “ನಂಗೆ ಮುಖ ಎತ್ತೋಕಾಗ್ತಿಲ್ಲಮ್ಮ! ಈ ವಯಸ್ಸಲ್ಲಿ ಇದೆಲ್ಲ ಬೇಕಾ?”

“ಬಿದ್ದಿದ್ದು ನನ್ನ ಮುಖ. ನಿಂದ್ಯಾಕ್ಲಾ ಎತ್ತೋಕಾಗಲ್ಲ?” ಎಂದಳು ತಾಯಿ, ಗಲ್ಲದ ಬ್ಯಾಂಡೇಜು ಸರಿಮಾಡಿಕೊಳ್ಳುತ್ತ. ಗಾಯ ಒಣಗಿದ ಮೇಲೆ ಹೆಲ್ಮೆಟ್ ಹಾಕಿಕೊಂಡು ಮತ್ತೆ ಹೊರಟಳು.

ಎದುರು ಮನೆಯ ನಿವೃತ್ತ ಅಧಿಕಾರಿ ಅನಂತರಾಮು ಗೇಟಿನಲ್ಲೇ ನಿಲ್ಲಿಸಿಕೊಂಡು ಬುದ್ಧಿ ಹೇಳಿದರು. “ನೋಡಿ ಸೊಣ್ಣಮ್ಮನೋರೆ, ಅದರ ಜಾಗ ಹಿಮ. ಇಲ್ಲಿಟ್ಕೊಂಡು ಹಿಂಸೆ ಕೊಡ್ತಿದೀರ.”

ಆ ಮಾತು ಮಾತ್ರ ಅವಳಿಗೆ ನಾಟಿತು. ಅವತ್ತು ಊಟದ ಹೊತ್ತಿಗೆ ಅವಳು ಹೇಳಿದ್ದು ಒಂದೇ ಮಾತು: “ಇವನಿಗೆ ಹಿಮ ತೋರಿಸ್ಕೊಂಡು ಬತ್ತೀನಿ.” ದೀಪಕ್ ತಟ್ಟೆ ಬಿಟ್ಟು ಎದ್ದ. ಚೈತ್ರ ಮಾತ್ರ ಅತ್ತೆಯ ಮುಖವನ್ನೇ ನೋಡುತ್ತಿದ್ದು, “ಕಾರು ನಾನು ಓಡಿಸ್ತೀನಿ” ಎಂದಳು. ಮದುವೆಯಾಗಿ ಬಂದಾಗಿನಿಂದ ಅವಳು ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು.

ಜನವರಿಯಲ್ಲಿ ಅತ್ತೆ, ಸೊಸೆ, ಹಿಂದಿನ ಸೀಟಿನ ತುಂಬ ಬೂದ ಹೊರಟರು. ನಾಯಿಗೆ ರೂಮು ಕೊಡದ ಊರುಗಳಲ್ಲಿ ಕಾರಿನಲ್ಲೇ ಮಲಗಿದರು. ಹಿಮಾಚಲದ ಒಂದು ಪುಟ್ಟ ಹಳ್ಳಿ ತಲುಪಿದಾಗ ಅಲ್ಲಿ ಹಿಮವೇ ಇರಲಿಲ್ಲ, ಒಣಹುಲ್ಲು ಮತ್ತು ಗಾಳಿ. ಸ್ಕೀ ಕಲಿಸುವ ತಾಶಿ ಎಂಬಾತ ಸೊಣ್ಣಮ್ಮನನ್ನು ಮೇಲಿಂದ ಕೆಳಗೆ ನೋಡಿ, ಕಾದು ಪ್ರಯೋಜನವಿಲ್ಲ, ಹಿಮ ಬಿದ್ದರೂ ಈ ವಯಸ್ಸಿನವರಿಗೆ ಕಲಿಸುವುದಿಲ್ಲ ಎಂದ. ಚೈತ್ರ ಅವನ ಹಿಂದಿಯನ್ನು ಕನ್ನಡಕ್ಕೆ ತಂದಳು.

“ಕಲಿಸಬೇಡ ಅನ್ನು. ಸ್ಕೀ ಕೊಡ್ಲಿ, ಸಾಕು” ಎಂದಳು ಸೊಣ್ಣಮ್ಮ.

ಅವನು ನಕ್ಕು ಕೊಟ್ಟ, ಕೊನೆಗೆ ಕಲಿಸಲೂ ನಿಂತ. ಒಣಹುಲ್ಲಿನ ಮೇಲೆಯೇ ಸೊಣ್ಣಮ್ಮ ಸ್ಕೀ ಕಟ್ಟಿಕೊಂಡು ಮಂಡಿ ಬಾಗಿಸಿ ನಿಲ್ಲುವುದನ್ನು, ಬಿದ್ದರೆ ಪಕ್ಕಕ್ಕೆ ಬೀಳುವುದನ್ನು, ಹಗ್ಗದ ಕೊಕ್ಕೆ ಒಂದೇ ಕೈಯಲ್ಲಿ ಕಳಚುವುದನ್ನು ಅಭ್ಯಾಸ ಮಾಡಿದಳು. ವಾಪಸು ಹೊರಡಲು ಚೀಲ ಕಟ್ಟಿದ ಮೇಲೆ ಹಿಮ ಬಿತ್ತು.

ಬೆಳಿಗ್ಗೆ ಬಾಗಿಲು ತೆರೆದರೆ ಎಲ್ಲೆಲ್ಲೂ ಬಿಳಿ. ಸೇಬಿನ ಗಿಡಗಳ ಕೊಂಬೆ, ಕಾರು, ಬೇಲಿ, ಎಲ್ಲದರ ಮೇಲೂ ಯಾರೂ ಮುಟ್ಟದ ಹಿಮ. ಹಳ್ಳಿಯವರು ಶಾಲು ಹೊದ್ದು ನೋಡಲು ನಿಂತರು. ತಾಶಿ ಹಗ್ಗ ಬಿಗಿದ. “ಹೈ ಬೂದಾ!” ಎಂದಳು ಸೊಣ್ಣಮ್ಮ.

ಬೂದ ಕದಲಲಿಲ್ಲ. ಒಂದು ಕಾಲೆತ್ತಿ ಕೊಡವಿದ, ಇನ್ನೊಂದು ಕಾಲೆತ್ತಿ ಕೊಡವಿದ, ಆಮೇಲೆ ಸೊಣ್ಣಮ್ಮನ ಸ್ಕೀಗಳ ಮೇಲೆಯೇ ಬಂದು ಕುಳಿತ. ಬೆಂಗಳೂರಿನ ಬಾಲ್ಕನಿಯಲ್ಲಿ ಬೆಳೆದ ಜೀವ, ಹಿಮ ಅಂದರೇನೆಂದು ಅದಕ್ಕೇನು ಗೊತ್ತು? ನೋಡುತ್ತಿದ್ದವರು ಗೊಳ್ಳೆಂದರು.

“ನಗಲಿ ಬಿಡು. ಚೈತ್ರಾ, ಇವನ ಊಟದ ತಟ್ಟೆ ತಗೊಂಡು ಆ ಕಡೆ ತುದಿಗೆ ಹೋಗಿ ಬಡಿ” ಎಂದಳು ಅತ್ತೆ.

ಚೈತ್ರ ಮೊಣಕಾಲವರೆಗೂ ಹೂತು ಹೋಗುತ್ತ ಓಡಿದಳು. ಬಯಲಿನ ತುದಿಯಲ್ಲಿ ನಿಂತು ತಟ್ಟೆ ಬಡಿದು, “ಬೂದಾ, ಮೊಸರನ್ನ!” ಎಂದು ಕೂಗಿದಳು.

ಬೂದನ ಕಿವಿ ನಿಮಿರಿತು. ಹಗ್ಗ ಸೆಟೆಯಿತು. ಮೊದಲ ಎಳೆತಕ್ಕೇ ಸೊಣ್ಣಮ್ಮ ಮುಗ್ಗರಿಸಿ ಮುಖದ ಮೇಲೆ ಬಿದ್ದಳು. ತಾಶಿ ಓಡಿ ಬಂದು ಕೈಹಿಡಿದ, ಅವಳು ಕೈ ಕೊಡವಿ ತಾನೇ ಎದ್ದಳು. ಎರಡನೇ ಸಲ ಮಂಡಿ ಬಾಗಿಸಿದಳು, ಬೆನ್ನು ತಗ್ಗಿಸಿದಳು. ಬೂದ ನೆಗೆದ. ಈ ಸಲ ಅವಳು ಬೀಳಲಿಲ್ಲ. ಹಿಮದ ಪುಡಿ ಮುಖಕ್ಕೆ ರಾಚುತ್ತಿತ್ತು, ಸ್ಕೀ ಕೆಳಗೆ ಸದ್ದೇ ಇಲ್ಲ, ಬೂದನ ಉಸಿರಿನ ಹಬೆ ಮಾತ್ರ ಹಿಂದಕ್ಕೆ ಹಾರಿ ಬರುತ್ತಿತ್ತು. ಕೆಸರಿನ ಆ ಹಲಗೆಯೇ ಕಾಲ ಕೆಳಗೆ ಬಂದಂತಾಗಿ ಅವಳ ಗಂಟಲಿನಿಂದ ಒಂದು ಕೇಕೆ ಹೊರಟಿತು. ತುದಿಗೆ ಬಂದಾಗ ನಿಲ್ಲುವುದು ನೆನಪಾಗದೆ ಚೈತ್ರಳನ್ನೂ ಕೆಡವಿಕೊಂಡು ಮೂವರೂ ಹಿಮದಲ್ಲಿ ಉರುಳಿದರು. ಮೊಸರನ್ನ ಚೆಲ್ಲಿಹೋಯಿತು.

ತಾಶಿ ಇನ್ನು ಸಾಕು ಎಂದು ಕೈಸನ್ನೆ ಮಾಡಿದ.

“ಸಾಕು ಅನ್ನೋದು ನಾನು, ಅವನಲ್ಲ” ಎಂದಳು ಸೊಣ್ಣಮ್ಮ, ಕಿವಿಯೊಳಗಿನ ಹಿಮ ತೆಗೆಯುತ್ತ. ಬಿಸಿಲೇರಿ ಹಿಮ ಕರಗುವವರೆಗೂ ಜಾರಿದಳು.

ಕತ್ರಿಗುಪ್ಪೆಗೆ ಮರಳಿದ ದಿನ ಕಾರಿನಿಂದ ಬೂದ ಇಳಿದದ್ದನ್ನು ಕಂಡು ಅನಂತರಾಮು ಗೇಟಿಗೆ ಬಂದರು. “ಇದೇನಿದು, ಅದರ ಜಾಗದಲ್ಲೇ ಬಿಟ್ಟು ಬರ್ತೀರ ಅಂದ್ಕೊಂಡಿದ್ದೆ.”

“ಹಿಮ ನೋಡಿ ಹೆದರ್ಕೊಂಡ ಸಾರ್. ಇವನು ಬೆಳೆದಿದ್ದು ಇಲ್ಲೇ, ನಾನು ಹುಟ್ಟಿದ್ದೂ ಇಲ್ಲೇ. ನಮ್ಮ ಜಾಗ ಯಾವ್ದು ಅಂತ ನೀವು ಹೇಳ್ಬೇಕಾಗಿಲ್ಲ.”

ಅನಂತರಾಮು ಒಳಗೆ ಹೋದರು. ದೀಪಕ್ ಡಿಕ್ಕಿಯಿಂದ ಚೀಲಗಳನ್ನು ಇಳಿಸಿದ. ಅವನ ಸಿಟ್ಟು ಪೂರ್ತಿ ಇಳಿದಿಲ್ಲ. ಮುಂದಿನ ವರ್ಷ ಯಾರೂ ಎಲ್ಲಿಗೂ ಹೋಗುವಂತಿಲ್ಲ ಎಂದು ಈಗಲೂ ಹೇಳುತ್ತಾನೆ. ಸೊಣ್ಣಮ್ಮ ಅದನ್ನು ಕೇಳಿಸಿಕೊಳ್ಳುತ್ತ, ಬೀದಿಯವರೆಲ್ಲ ಕಾಣುವಂತೆ ಗೇಟಿನ ಸರಳು ಹಿಡಿದು ಬಸ್ಕಿ ಹೊಡೆಯುತ್ತಾಳೆ. ಮಂಡಿ ಗಟ್ಟಿಯಾಗಬೇಕಲ್ಲ.